ರಂಧ್ರಗಳುಳ್ಳ ದರ್ಪಣ



ತೊಂಬತ್ತರ ದಶಕದಲ್ಲಿ ನಮ್ಮೂರಿಗೆ ಕೇಬಲ್ ಟಿ.ವಿ. ಬಂದು, ಒಂದು ಮಾಳಿಗೆಯ ಮೇಲೆ ಜಾಲರಿಯ ದೊಡ್ಡ ತಟ್ಟೆ ನಿಂತಿತು. ನಿಮ್ನ ದರ್ಪಣದ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು ಕೇಳಿದ: "ದರ್ಪಣ ನುಣುಪಾಗಿರಬೇಕು ಎನ್ನುತ್ತೀರಿ. ಆ ತಟ್ಟೆಯ ತುಂಬ ತೂತುಗಳಿವೆ. ಅಲೆಗಳು ಸೋರಿ ಹೋಗುವುದಿಲ್ಲವೇ ಸಾರ್?" "ಹಣ ಉಳಿಸಲು ಹಾಗೆ ಮಾಡಿದ್ದಾರೆ" ಎಂದು ಹೇಳಿ ಪಾಠ ಮುಂದುವರಿಸಿದೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ನಮ್ಮ ದೇಶದ ಇತಿಹಾಸದಲ್ಲೇ ಇದೆ.

ಗೋವಿಂದ ಸ್ವರೂಪ್ (1929–2020) ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೇಡಿಯೊ ಖಗೋಳವಿಜ್ಞಾನವನ್ನು ಕಟ್ಟಿದವರು. ಆಸ್ಟ್ರೇಲಿಯಾ ದಾನವಾಗಿ ಕೊಟ್ಟ 1.8 ಮೀಟರ್ ವ್ಯಾಸದ 32 ತಟ್ಟೆಗಳನ್ನು 1965ರಲ್ಲಿ ಮುಂಬಯಿಯ ಬಳಿಯ ಕಲ್ಯಾಣದಲ್ಲಿ ನಿಲ್ಲಿಸಿ, ಅವರ ತಂಡ ಸೂರ್ಯನನ್ನು ವೀಕ್ಷಿಸಿತು. ಐದೇ ವರ್ಷಗಳಲ್ಲಿ, 1970ಕ್ಕೆ, ಊಟಿಯಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ಪರವಲಯಾಕಾರದ ದೂರದರ್ಶಕ ಸಿದ್ಧವಾಯಿತು. ಬೆಟ್ಟದ ಇಳಿಜಾರು ಅಲ್ಲಿನ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಆದ್ದರಿಂದ ಅದರ ಉದ್ದನೆಯ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಯಿತು. ಒಂದೇ ದಿಕ್ಕಿನಲ್ಲಿ ಹೊರಳಿಸಿದರೆ ಆಕಾಶದ ಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಅದರ ಪ್ರತಿಫಲಕದಲ್ಲಿ ತಗಡೆಂಬುದೇ ಇಲ್ಲ. ಉದ್ದಕ್ಕೂ ಎಳೆದ ಸುಮಾರು 1100 ಸಣ್ಣ ಉಕ್ಕಿನ ತಂತಿಗಳಷ್ಟೇ!

ಗುಟ್ಟು ತರಂಗಾಂತರದಲ್ಲಿದೆ. ಊಟಿಯ ದೂರದರ್ಶಕ ಹಿಡಿಯುವ ಅಲೆಯ ಉದ್ದ ಸುಮಾರು 92 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಒಂದೆರಡು ಸೆಂಟಿಮೀಟರಿನ ಕಿಂಡಿ ಕಾಣಿಸುವುದೇ ಇಲ್ಲ; ಗಾಳಿಗೆ ಮಾತ್ರ ಚೆನ್ನಾಗಿ ಕಾಣಿಸುತ್ತದೆ. ದೊಡ್ಡ ತಟ್ಟೆಯನ್ನು ಉರುಳಿಸುವುದು, ಅದರ ಆಕಾರ ಕೆಡಿಸುವುದು ಗಾಳಿಯ ಒತ್ತಡ. ಅದನ್ನು ತಡೆಯಲು ಉಕ್ಕು ಬೇಕು, ಉಕ್ಕಿಗೆ ಹಣ ಬೇಕು.

ಈ ತಿಳಿವಿನ ಪೂರ್ಣ ಫಲ ಪುಣೆ ಜಿಲ್ಲೆಯ ಖೋಡದ್ ಬಳಿಯ ದೈತ್ಯ ಮೀಟರ್ ತರಂಗ ದೂರದರ್ಶಕ. ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳು. ಉಕ್ಕಿನ ಹಗ್ಗಗಳನ್ನು ಬಿಗಿದು, ಅವುಗಳಿಗೆ ಅರ್ಧ ಮಿಲಿಮೀಟರ್ ದಪ್ಪದ ತಂತಿಯ ಬಲೆಯನ್ನು ಎಳೆದು ಕಟ್ಟಲಾಗಿದೆ. ಹಪ್ಪಳ ಒಣಗಿಸಲು ಮಂಚಕ್ಕೆ ಬಿಗಿದ ಸೀರೆ ನೆನಪಾಗುತ್ತದೆ. ಬಲೆಯ ಕಣ್ಣು ನಡುವಿನಲ್ಲಿ 10 ಮಿಲಿಮೀಟರ್, ಹೊರವಲಯದಲ್ಲಿ 20. ನಾಭಿಯಲ್ಲಿರುವ ಗ್ರಾಹಕ ಅಂಚಿಗಿಂತ ನಡುಭಾಗವನ್ನೇ ಹೆಚ್ಚು 'ನೋಡುತ್ತದೆ'. ಅಂಚಿನಲ್ಲಿ ಕೊಂಚ ಸೋರಿದರೂ ನಷ್ಟ ಅಲ್ಪ. 2002ರಿಂದ ಜಗತ್ತಿನ ವಿಜ್ಞಾನಿಗಳು ಅದನ್ನು ಬಳಸುತ್ತಿದ್ದಾರೆ.

ಇದಕ್ಕೂ ಮಿತಿಯಿದೆ. ಅಲೆ 21 ಸೆಂಟಿಮೀಟರಿಗಿಂತ ಬಹಳ ಚಿಕ್ಕದಾದರೆ ಆ ಬಲೆ ಕೆಲಸಕ್ಕೆ ಬಾರದು. 2008ರಲ್ಲಿ ಚಂದ್ರಯಾನ-1ಕ್ಕಾಗಿ ನಮ್ಮ ಬ್ಯಾಲಾಳುವಿನಲ್ಲಿ ನಿಲ್ಲಿಸಿದ 32 ಮೀಟರಿನ ತಟ್ಟೆ ಮೂರೂವರೆ ಸೆಂಟಿಮೀಟರಿನ ಅಲೆಗಳನ್ನೂ ಹಿಡಿಯಬೇಕು; ಅದರ ಮೈ ಗಟ್ಟಿ ತಗಡಿನದು.

ಅಂದು ಪ್ರಶ್ನೆ ಕೇಳಿದವನು ಈಗ ಎಲ್ಲಿರುವನೋ ತಿಳಿಯದು. ಇದನ್ನು ಓದಿದರೆ ಎರಡು ಸಾಲು ಬರೆಯಲಿ.