ರಾಣಿಯ ಲೇಸ್, ಜನರ ಕಾಗದ

ಮದುವೆಯ ಆಹ್ವಾನ ಪತ್ರಿಕೆ ಮನೆಗೆ ಬಂದರೆ ಮೊದಲೆಲ್ಲ ನೋಡುತ್ತಿದ್ದುದು ಮುಹೂರ್ತ ಮತ್ತು ಛತ್ರದ ವಿಳಾಸ. ಈಗ ಪತ್ರಿಕೆಯನ್ನೇ ಒಂದು ಗಳಿಗೆ ನೋಡುತ್ತ ಕೂರಬೇಕಾಗುತ್ತದೆ. ಲೇಸರ್ ಕಿರಣದಿಂದ ಕೊರೆದ ನೂರಾರು ಸಣ್ಣ ತೂತುಗಳು, ಅಂಚಿನುದ್ದಕ್ಕೂ ಬಳ್ಳಿ, ಬಳ್ಳಿಯ ತುಂಬ ಹೂವು. ಮುಟ್ಟಿದರೆ ಹರಿದೀತೇನೋ ಎಂಬಷ್ಟು ನಯ. ಆರತಕ್ಷತೆಗೆ ಹೋದರೆ ಅಲ್ಲಿಯೂ ಮಾಸಲು ಬಿಳಿಯ ಕಾಗದದ ಗುಲಾಬಿ, ಕಾಗದದ ಜಾಲರಿ. ಅಲಂಕಾರದ ಗುತ್ತಿಗೆ ಹಿಡಿದವರು ಇದಕ್ಕೆ ‘ವಿಂಟೇಜ್’ ಎನ್ನುತ್ತಾರೆ. ಹಳೆಯ ಕಾಲದ್ದು, ಕೈಯಿಂದ ಮಾಡಿದ್ದು, ಪ್ರೇಮದ ಕಂಪುಳ್ಳದ್ದು ಎಂಬುದು ಅದರ ಅರ್ಥ.

ಯಾವ ಹಳೆಯ ಕಾಲ? ಯಾರ ಕೈ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋದರೆ ನಾವು ತಲುಪುವುದು 1840ರ ಲಂಡನ್ ನಗರವನ್ನು.

ಬಿಳಿ ಉಡುಪಿನ ರಾಣಿ

ಆ ವರ್ಷದ ಫೆಬ್ರುವರಿ 10ರಂದು ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ 20 ವರ್ಷದ ವಿಕ್ಟೋರಿಯಾ ರಾಣಿ ರಾಜಕುಮಾರ ಆಲ್ಬರ್ಟ್‌ನನ್ನು ವರಿಸಿದಳು. ರೇಷ್ಮೆಯ ಬಿಳಿ ಉಡುಪು, ಅದರ ಮೇಲೆ ಲೇಸ್, ತಲೆಗೆ ಕಿರೀಟದ ಬದಲು ಕಿತ್ತಳೆ ಹೂವಿನ ದಂಡೆ. ಇಂದು ‘ವಿಂಟೇಜ್ ಮದುವೆ’ ಎಂದು ಕರೆಯುವ ಬಹುಪಾಲು ಸಂಗತಿಗಳು ಆ ಒಂದು ದಿನದ ನೆನಪಿನಿಂದ ಹುಟ್ಟಿದವು.

ಬಿಳಿ ಉಟ್ಟ ಮೊದಲ ವಧು ಆಕೆಯೇನಲ್ಲ. 1558ರಲ್ಲಿ ಪ್ಯಾರಿಸ್‌ನಲ್ಲಿ ಮದುವೆಯಾದ ಸ್ಕಾಟ್ಲೆಂಡಿನ ರಾಣಿ ಮೇರಿಯೂ ಬಿಳಿ ಧರಿಸಿದ್ದಳು. ಆದರೆ ಸಾಮಾನ್ಯ ವಧುಗಳು ಇರುವುದರಲ್ಲಿ ಒಳ್ಳೆಯ ಬಣ್ಣದ ಉಡುಪು ತೊಟ್ಟು, ಮುಂದೆ ಹಬ್ಬ ಹರಿದಿನಗಳಿಗೂ ಅದನ್ನೇ ಬಳಸುತ್ತಿದ್ದರು. ವಿಕ್ಟೋರಿಯಾಳ ಮದುವೆಯ ವೇಳೆಗೆ ಪತ್ರಿಕೆಗಳೂ ಅಚ್ಚಿನ ಚಿತ್ರಗಳೂ ಹೆಚ್ಚಾಗಿದ್ದವು. ರಾಣಿ ಏನುಟ್ಟಿದ್ದಳು ಎಂಬುದು ಊರೂರಿಗೆ ತಿಳಿಯಿತು.

ಲೇಸನ್ನು ಆಕೆ ಆರಿಸಿಕೊಂಡದ್ದಕ್ಕೆ ಬೇರೊಂದು ಕಾರಣವೂ ಇತ್ತು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹೋನಿಟನ್ ಸುತ್ತಮುತ್ತ ಹೆಂಗಸರು ತಲೆತಲಾಂತರದಿಂದ ಲೇಸ್ ಹೆಣೆಯುತ್ತಿದ್ದರು. ದಿಂಬಿಗೆ ಗುಂಡುಸೂಜಿಗಳನ್ನು ಚುಚ್ಚಿ, ಪುಟ್ಟ ಮರದ ಕಡ್ಡಿಗಳಿಗೆ ಸುತ್ತಿದ ನೂಲನ್ನು ಒಂದರ ಮೇಲೊಂದು ದಾಟಿಸುತ್ತ ಎಲೆ, ಹೂವು ಮೂಡಿಸುವ ಕೆಲಸ ಅದು. ಐದಾರು ವರ್ಷದ ಹುಡುಗಿಯರನ್ನೇ ‘ಲೇಸ್ ಶಾಲೆ’ಗಳಿಗೆ ಕೂರಿಸುತ್ತಿದ್ದರು. ಎಷ್ಟೋ ವ್ಯಾಪಾರಿಗಳು ಕೂಲಿಯನ್ನು ಹಣವಾಗಿ ಕೊಡದೆ, ತಮ್ಮ ಅಂಗಡಿಯ ಸಾಮಾನಿನ ರೂಪದಲ್ಲಿ ಕೊಡುತ್ತಿದ್ದರು.

ಈ ಬದುಕಿಗೆ ಪೆಟ್ಟು ಕೊಟ್ಟದ್ದು ಯಂತ್ರ. ಜಾನ್ ಹೀತ್‌ಕೋಟ್ ಎಂಬಾತ 1809ರಲ್ಲಿ ಲೇಸಿನ ಬಲೆಯನ್ನು ನೇಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. 1816ರಲ್ಲಿ ಲಫ್‌ಬರೋ ಊರಿನಲ್ಲಿದ್ದ ಆತನ ಕಾರ್ಖಾನೆಗೆ ನುಗ್ಗಿದ ಕಾರ್ಮಿಕರು ಯಂತ್ರಗಳನ್ನು ಒಡೆದು ಹಾಕಿದರು. ಹೀತ್‌ಕೋಟ್ ಊರು ಬಿಟ್ಟ. ಹೊಸ ಕಾರ್ಖಾನೆ ಹೂಡಿದ್ದು ಅದೇ ಡೆವನ್ ಪ್ರಾಂತ್ಯದ ಟಿವರ್ಟನ್‌ನಲ್ಲಿ, ಕೈಲೇಸಿನ ತವರಿನ ಹೊಸ್ತಿಲಲ್ಲೇ.

ಕೆಲಸ ಕಳೆದುಕೊಳ್ಳುತ್ತಿದ್ದ ಆ ಹೆಂಗಸರಿಗೆ ನೆರವಾಗಲೆಂದೇ ರಾಣಿ ತನ್ನ ಮದುವೆಯ ಲೇಸನ್ನು ಹೋನಿಟನ್ ಸೀಮೆಯಿಂದ ತರಿಸಿದಳು. ಬಿಯರ್ ಎಂಬ ಹೆಸರಿನ ಕಡಲ ತೀರದ ಹಳ್ಳಿಯೊಂದರಲ್ಲಿ 200ಕ್ಕೂ ಹೆಚ್ಚು ಹೆಂಗಸರು ಅದಕ್ಕಾಗಿ ದುಡಿದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೂವು ಎಲೆಗಳೆಲ್ಲ ಕೈಯಲ್ಲಿ ಹೆಣೆದವು ನಿಜ. ಆದರೆ ಅವನ್ನು ಹೊಲಿದದ್ದು ಯಂತ್ರದಲ್ಲಿ ನೇಯ್ದ ಹತ್ತಿಯ ಬಲೆಯ ಮೇಲೆ. ಕೈಕೆಲಸವನ್ನು ಉಳಿಸಲು ಹೊರಟ ಲೇಸಿನಲ್ಲಿಯೇ ಯಂತ್ರ ಪಾಲು ಪಡೆದಿತ್ತು!

ಉಬ್ಬನ್ನು ಉಜ್ಜಿದಾಗ

ರಾಣಿಯಂಥ ಲೇಸ್ ಎಲ್ಲರಿಗೂ ಎಟುಕುವುದೆಲ್ಲಿ? ಆ ಆಸೆಗೆ ದಾರಿ ತೋರಿಸಿದ್ದು ಕಾಗದ.

ಲಂಡನ್‌ನ ಡಾಬ್ಸ್ ಎಂಬ ಸಂಸ್ಥೆ ಕಾಗದವನ್ನು ಅಚ್ಚಿನಲ್ಲಿ ಒತ್ತಿ ಉಬ್ಬು ಚಿತ್ತಾರ ಮೂಡಿಸುವುದಕ್ಕೆ ಹೆಸರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಜೋಸೆಫ್ ಆಡನ್‌ಬ್ರೂಕ್ 1834ರಲ್ಲಿ ಆಕಸ್ಮಿಕವಾಗಿ ಒಂದು ಉಪಾಯ ಕಂಡುಕೊಂಡನೆಂದು ಹೇಳುತ್ತಾರೆ. ಅಚ್ಚಿನಲ್ಲಿ ಒತ್ತಿದ ಕಾಗದದ ಮೇಲೆ ಅರವನ್ನು ಹಗುರವಾಗಿ ಉಜ್ಜಿದರೆ ಉಬ್ಬಿದ ಭಾಗ ಮಾತ್ರ ಸವೆದು ತೂತಾಗುತ್ತದೆ, ಉಳಿದದ್ದು ಹಾಗೆಯೇ ನಿಲ್ಲುತ್ತದೆ. ಕೈಗೆ ಬರುವುದು ಥೇಟ್ ಲೇಸಿನಂಥ ಕಾಗದ. ದಿಂಬಿನ ಮುಂದೆ ವಾರಗಟ್ಟಲೆ ಕಣ್ಣು ಸೋಲಿಸಿಕೊಂಡು ಹೆಣೆಯುತ್ತಿದ್ದ ವಿನ್ಯಾಸ ಕೆಲವೇ ನಿಮಿಷಗಳಲ್ಲಿ ಸಿದ್ಧ.

ರಾಣಿಯ ಮದುವೆಗೆ ಸರಿಯಾಗಿ ಒಂದು ತಿಂಗಳ ಮೊದಲು, 1840ರ ಜನವರಿ 10ರಂದು, ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂತು. ದೂರ ಎಷ್ಟೇ ಇರಲಿ, ಅರ್ಧ ಔನ್ಸಿನ ಕಾಗದಕ್ಕೆ ಒಂದೇ ದರ. ಕಾಗದದ ಲೇಸ್ ಅಂಟಿಸಿದ ಪ್ರೇಮಪತ್ರಗಳೂ ಶುಭಾಶಯ ಪತ್ರಗಳೂ ಅಂಚೆ ಚೀಲ ತುಂಬಿದವು.

ಆ ಬಗೆಯ ಒಂದು ಇಂಗ್ಲಿಷ್ ಪತ್ರ ಅಮೆರಿಕದ ವೂಸ್ಟರ್ ನಗರದ ಎಸ್ತರ್ ಹೌಲೆಂಡ್ ಎಂಬ ಯುವತಿಯ ಕೈಗೂ ಬಂತು. ಆಕೆ 1847ರಲ್ಲಿ ಕಾಲೇಜು ಮುಗಿಸಿದ್ದಳು. ತಂದೆಯದು ಕಾಗದ, ಲೇಖನ ಸಾಮಗ್ರಿಗಳ ವ್ಯಾಪಾರ. ಲೇಸ್ ಕಾಗದ, ಬಣ್ಣದ ಚಿತ್ರಗಳನ್ನು ತರಿಸಿ ಕೆಲವು ಮಾದರಿ ಮಾಡಿ, ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದ ಅಣ್ಣನ ಕೈಗಿತ್ತಳು. 200 ಡಾಲರಿನ ಬೇಡಿಕೆ ಬಂದರೆ ಸಾಕೆಂದುಕೊಂಡಿದ್ದವಳಿಗೆ 5,000 ಡಾಲರಿನ ಬೇಡಿಕೆ ಬಂತೆಂದು ಕಥೆ. ಗೆಳತಿಯರನ್ನು ಉದ್ದನೆಯ ಮೇಜಿನ ಸುತ್ತ ಕೂರಿಸಿ, ಒಬ್ಬಳು ಕತ್ತರಿಸಬೇಕು, ಇನ್ನೊಬ್ಬಳು ಅಂಟಿಸಬೇಕು ಎಂದು ಕೆಲಸ ಹಂಚಿದಳು. ‘ಕೈಯಿಂದಲೇ ಮಾಡಿದ’ ಪ್ರೇಮಪತ್ರ ಹೀಗೆ ಕಾರ್ಖಾನೆಯ ಕ್ರಮದಲ್ಲಿ ತಯಾರಾಯಿತು. ಸಾವಿರಾರು ಜೋಡಿಗಳ ಒಲವಿಗೆ ಅಂಚು ಕಟ್ಟಿದ ಆಕೆ ಕೊನೆಯವರೆಗೂ ಮದುವೆಯಾಗಲಿಲ್ಲ.

ಅಕ್ಷತೆಯಿಂದ ಕಾಗದಕ್ಕೆ

ವಧೂವರರ ಮೇಲೆ ಕಾಳು ಎರಚಿ ಹರಸುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲೂ ಚರ್ಚಿನಿಂದ ಹೊರಬರುವ ದಂಪತಿಯ ಮೇಲೆ ಅಕ್ಕಿ ಎರಚುತ್ತಿದ್ದರು. ಅಕ್ಕಿಯ ಜಾಗಕ್ಕೆ ಬಣ್ಣದ ಕಾಗದದ ಚೂರು ಬಂದ ಕಥೆ ಸ್ವಾರಸ್ಯವಾಗಿದೆ.

ಇಟಲಿಯ ಕಾರ್ನಿವಲ್ ಹಬ್ಬದಲ್ಲಿ ಸಕ್ಕರೆ ಲೇಪಿಸಿದ ಕೊತ್ತಂಬರಿ ಬೀಜಗಳನ್ನು ಜನ ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದರು. ಅದು ದುಬಾರಿಯೆಂದು ಸುಣ್ಣದ ಉಂಡೆಗಳೂ ಬಂದವು. ಮಿಲಾನ್ ಸೀಮೆ ಆಗ ರೇಷ್ಮೆ ಸಾಕಣೆಗೆ ಪ್ರಸಿದ್ಧ. ಹುಳುಗಳ ತಟ್ಟೆಗೆ ತೂತುಗಳಿರುವ ಕಾಗದ ಹಾಸಿ ಮೇಲೆ ಹೊಸ ಸೊಪ್ಪು ಹರಡಿದರೆ, ಹುಳುಗಳು ತೂತಿನಿಂದ ಮೇಲೇರುತ್ತವೆ, ಕಸ ಕೆಳಗೇ ಉಳಿಯುತ್ತದೆ. ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರಿಗೆ ಈ ಉಪಾಯ ಬಿಡಿಸಿ ಹೇಳಬೇಕಿಲ್ಲ. ಅವರು ಬಲೆ ಹಾಸಿ ಮಾಡುವ ಕೆಲಸವೂ ಇದೇ. ಆ ಕಾಗದಕ್ಕೆ ತೂತು ಹೊಡೆದಾಗ ಉದುರುತ್ತಿದ್ದ ದುಂಡನೆಯ ಚೂರುಗಳು ಕಸದ ಪಾಲಾಗುತ್ತಿದ್ದವು. 1875ರ ಸುಮಾರಿಗೆ ಎನ್ರಿಕೊ ಮಂಜಿಲಿ ಎಂಬಾತ ಅವನ್ನು ಒಟ್ಟುಗೂಡಿಸಿ ಹಬ್ಬಕ್ಕೆ ಮಾರಿದನೆನ್ನುತ್ತಾರೆ. ಅಗ್ಗ, ಹಗುರ, ಯಾರಿಗೂ ಪೆಟ್ಟಾಗುವುದಿಲ್ಲ. ಶತಮಾನ ಮುಗಿಯುವಷ್ಟರಲ್ಲಿ ಅದು ಇಂಗ್ಲೆಂಡಿನ ಮದುವೆಗಳನ್ನೂ ಸೇರಿತು.

ಅಂದ ಹಾಗೆ, ಇಂಗ್ಲಿಷಿನಲ್ಲಿ ಈ ಚೂರುಗಳಿಗೆ ‘ಕಾನ್ಫೆಟಿ’ ಎನ್ನುತ್ತಾರೆ. ಆದರೆ ಇಟಲಿಯಲ್ಲಿ ಕಾನ್ಫೆಟ್ಟಿ ಎಂದರೆ ಮದುವೆಯಲ್ಲಿ ಹಂಚುವ, ಸಕ್ಕರೆ ಪಾಕ ಹಿಡಿಸಿದ ಬಾದಾಮಿ. ಕಾಗದದ ಚೂರಿಗೆ ಅವರ ಮಾತು ‘ಕೊರಿಯಾಂಡೊಲಿ’. ಕೊತ್ತಂಬರಿ ಬೀಜ ಹೋಯಿತು, ಹೆಸರು ಉಳಿಯಿತು!

ರಟ್ಟಿನ ಕೇಕ್

ಕಾಗದ ಎಂದರೆ ಬರೀ ನಕಲು ಎಂದು ಮೂಗು ಮುರಿಯುವವರು ಎರಡನೇ ಮಹಾಯುದ್ಧದ ಕಾಲವನ್ನು ನೆನೆಯಬೇಕು. ಸಕ್ಕರೆಯ ಅಭಾವದಿಂದ 1940ರಲ್ಲಿ ಬ್ರಿಟನ್ ಸರ್ಕಾರ ಕೇಕುಗಳ ಮೇಲೆ ಸಕ್ಕರೆಯ ಲೇಪವನ್ನು ನಿಷೇಧಿಸಿತು. ಬೇಕರಿಗಳು ರಟ್ಟಿನಿಂದ ಬಿಳಿಯ ಅಂತಸ್ತಿನ ‘ಕೇಕ್’ ಮಾಡಿ ಬಾಡಿಗೆಗೆ ಕೊಡತೊಡಗಿದವು. ರಟ್ಟಿನ ಗೋಪುರವನ್ನು ಎತ್ತಿದರೆ ಒಳಗೆ ಬಂಧುಬಳಗದ ಪಡಿತರ ಕೂಡಿಸಿ ಮಾಡಿದ ಪುಟ್ಟ ಕೇಕು. ರಜೆಯ ಮೇಲೆ ಬಂದ ಸೈನಿಕ, ಮರುವಾರವೇ ಅವನನ್ನು ಕಳಿಸಿಕೊಡಬೇಕಾದ ಹುಡುಗಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ರಟ್ಟಾದರೂ ಆ ದಿನ ಮದುವೆಯ ದಿನವಾಗಿ ಕಂಡಿತು.

ಯಾರ ಕೈ?

ಹೀಗೆ ನೋಡಿದರೆ ಮದುವೆಯ ಕಾಗದದ ಪ್ರತಿಯೊಂದು ಅಲಂಕಾರವೂ ಬೇರೊಂದು ವಸ್ತುವಿನ ಜಾಗದಲ್ಲಿ ಕೂತಿದೆ. ನೂಲಿನ ಲೇಸ್, ಅಕ್ಕಿ, ಸಕ್ಕರೆ — ಇವು ಎಟುಕದವರಿಗೂ ಮದುವೆಯ ಸೊಬಗನ್ನು ತಲುಪಿಸಿದ್ದು ಕಾಗದದ ದೊಡ್ಡತನ. ಇಂದು ‘ವಿಂಟೇಜ್’ ಎಂಬ ಹೆಸರಿನಲ್ಲಿ ಅದೇ ಕಾಗದ ಸಿರಿವಂತಿಕೆಯ ಗುರುತಾಗಿರುವುದು ವಿಪರ್ಯಾಸ. ಆ ಹೆಸರಿನ ಜತೆ ರಾಣಿಯ ನೆನಪು ಉಳಿದಿದೆ. ಬಿಯರ್ ಹಳ್ಳಿಯ 200 ಹೆಂಗಸರ ನೆನಪು ಉಳಿದಿಲ್ಲ.

ನಮ್ಮ ಮದುವೆಗಳಲ್ಲೂ ಕಾಗದ ಹೊಸದಲ್ಲ. ವಧೂವರರ ಹಣೆಗೆ ಕಟ್ಟುವ ಬಾಸಿಂಗಕ್ಕೆ ಬೆಂಡು, ಬಣ್ಣದ ಕಾಗದ, ಜರಿ ಬೇಕು. ಹಳ್ಳಿಯ ಮದುವೆಯ ಹಿಂದಿನ ರಾತ್ರಿ ಮನೆ ಮಕ್ಕಳೆಲ್ಲ ಕೂತು ಬಣ್ಣದ ಕಾಗದ ಕತ್ತರಿಸಿ, ಮೈದಾ ಅಂಟು ಕಾಯಿಸಿ, ಸೆಣಬಿನ ದಾರಕ್ಕೆ ಅಂಟಿಸಿ ಚಪ್ಪರದ ತುಂಬ ಕಟ್ಟುತ್ತಿದ್ದುದನ್ನು ನಡುವಯಸ್ಸು ದಾಟಿದವರು ಮರೆತಿರಲಾರರು. ಅದಕ್ಕೆ ಯಾರೂ ‘ಕೈಕೆಲಸ’ವೆಂದು ಬೆಲೆ ಕಟ್ಟಿರಲಿಲ್ಲ. ಈಗ ಆ ಹೆಸರಿನಲ್ಲೇ ಸಾವಿರಾರು ರೂಪಾಯಿ ತೆರುವವರು ಬಾಸಿಂಗ ಕಟ್ಟುವವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದನ್ನು ಪೇಟೆಯ ಗ್ರಂಧಿಗೆ ಅಂಗಡಿಗಳ ಮುಂದೆ ಇಂದೂ ಕಾಣಬಹುದು.

ಹಳೆಯ ಕಾಲದ ಚೆಲುವನ್ನು ಮನೆಗೆ ತರುವುದು ತಪ್ಪೇನಲ್ಲ. ಆ ಚೆಲುವಿನ ಹಿಂದಿನ ಕೈಗಳಿಗೆ ಸಲ್ಲಬೇಕಾದದ್ದು ಸಂದರೆ ಅದು ನಿಜಕ್ಕೂ ಚೆಂದ. ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಛತ್ರದ ನೆಲದಲ್ಲಿ ಅಕ್ಷತೆಯೂ ಕಾಗದದ ಚೂರೂ ಬೆರೆತು ಬಿದ್ದಿರುತ್ತವೆ. ಅದನ್ನು ಗುಡಿಸಿ ತೆಗೆಯುವುದೂ ಕೈಕೆಲಸವೇ.