ಮುಖವಿರುವ ಚಿತ್ರ, ಮುಖವಿಲ್ಲದ ಚಿತ್ರ

ಎರಡನೇ ಮಹಾಯುದ್ಧದ ಬಗ್ಗೆ ಬಂದ ಸಚಿತ್ರ ಪುಸ್ತಕಗಳಲ್ಲಿ ಒಂದು ಬಗೆಯ ಚಿತ್ರ ನಮಗೆ ಮತ್ತೆ ಮತ್ತೆ ಎದುರಾಗುತ್ತದೆ. ಬಯಲಿನಲ್ಲಿ ನಿಂತ ದೊಡ್ಡದೊಂದು ಬಾಂಬರ್ ವಿಮಾನ, ಅದರ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತ ಏಳು ಮಂದಿ ಯುವಕರು. ಕಾಲೇಜಿನ ಕ್ರಿಕೆಟ್ ತಂಡದ ಗ್ರೂಪ್ ಫೋಟೋದಂತೆಯೇ ಕಾಣುವ ಚಿತ್ರವದು. ಅವರ ಮುಖ ನೋಡಿದರೆ ಪಾಪ ಅನ್ನಿಸುತ್ತದೆ. ಅವರು ಹೊರಟಿದ್ದ ಕೆಲಸ ನೆನೆದರೆ ಎದೆ ನಡುಗುತ್ತದೆ. ಈ ಎರಡು ಭಾವನೆಗಳಲ್ಲಿ ಯಾವುದು ಸರಿ?

ಇಂಥ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿದ್ದ ಸ್ಕ್ಯಾಂಪ್ಟನ್ ವಾಯುನೆಲೆಯದು. 1943ರ ಮೇ 16ರ ಸಂಜೆ 617ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ ಗೈ ಗಿಬ್ಸನ್ ಮತ್ತು ಆತನ ತಂಡದವರು ಲ್ಯಾಂಕಾಸ್ಟರ್ ವಿಮಾನದ ಏಣಿಯ ಬಳಿ ನಿಂತಿದ್ದಾರೆ. ಗಿಬ್ಸನ್‌ಗೆ ಆಗ 24 ವರ್ಷ. ತಂಡದಲ್ಲಿ ಬ್ರಿಟಿಷರ ಜೊತೆ ಆಸ್ಟ್ರೇಲಿಯಾ, ಕೆನಡಾಗಳಿಂದ ಬಂದವರೂ ಇದ್ದರು. ಆ ರಾತ್ರಿ ಅವರು ಹೊರಟದ್ದು ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶಕ್ಕೆ ನೀರೊದಗಿಸುವ ಅಣೆಕಟ್ಟುಗಳನ್ನು ಒಡೆಯಲಿಕ್ಕೆ. 19 ವಿಮಾನಗಳಲ್ಲಿ 133 ಮಂದಿ ಹೋದರು. ಎಂಟು ವಿಮಾನಗಳು ಮರಳಲಿಲ್ಲ, 53 ಮಂದಿ ಸತ್ತರು. ಗಿಬ್ಸನ್ ತಂಡ ಸುರಕ್ಷಿತವಾಗಿ ವಾಪಸಾಯಿತು. ಆದರೆ ಆ ಏಣಿಯ ಬಳಿ ನಿಂತ ಏಳು ಮಂದಿಯಲ್ಲಿ ಒಬ್ಬನೂ ಯುದ್ಧದ ಕೊನೆಯನ್ನು ಕಾಣಲಿಲ್ಲ. ನಾಲ್ವರು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸತ್ತರು, ಇಬ್ಬರು 1944ರ ಆರಂಭದಲ್ಲಿ, ಗಿಬ್ಸನ್ 1944ರ ಸೆಪ್ಟೆಂಬರ್ 19ರಂದು.

ಇದು ಆ ಒಂದು ತಂಡದ ದುರದೃಷ್ಟವಷ್ಟೇ ಅಲ್ಲ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ವಿಮಾನವೇರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಪ್ರಾಣ ಕಳೆದುಕೊಂಡರು. ಅಂದರೆ ನೂರರಲ್ಲಿ ನಲವತ್ತನಾಲ್ಕು ಮಂದಿ. 30 ದಾಳಿಗಳನ್ನು ಮುಗಿಸಿದರೆ ಒಂದು ಸರದಿ ಮುಗಿದಂತೆ. ಅಲ್ಲಿಯವರೆಗೆ ಬದುಕುಳಿಯುವುದೇ ದೊಡ್ಡ ಮಾತು. ತಂಡ ಕಟ್ಟುವ ರೀತಿಯೂ ವಿಚಿತ್ರವಾಗಿತ್ತು. ತರಬೇತಿಯ ಹಂತದಲ್ಲಿ ಪೈಲಟ್, ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಬಾಂಬ್ ಹಾಕುವವನು, ಗನ್ನರ್ ಎಲ್ಲರನ್ನೂ ಒಂದು ದೊಡ್ಡ ಹ್ಯಾಂಗರಿನೊಳಗೆ ಬಿಟ್ಟು, ನಿಮ್ಮ ನಿಮ್ಮ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎನ್ನುತ್ತಿದ್ದರು. ಗುರುತು ಪರಿಚಯವಿಲ್ಲದವರು ಹೀಗೆ ಒಂದಾಗಿ, ಹೆಚ್ಚಿನ ಸಂದರ್ಭಗಳಲ್ಲಿ ಒಟ್ಟಿಗೇ ಸತ್ತರು.

ಸ್ಕ್ಯಾಂಪ್ಟನ್‌ನಲ್ಲೇ 1942ರ ಜೂನ್‌ನಲ್ಲಿ ತೆಗೆದ ಇನ್ನೊಂದು ಚಿತ್ರವಿದೆ. ಒಂದೇ ಒಂದು ಲ್ಯಾಂಕಾಸ್ಟರ್ ವಿಮಾನವನ್ನು ದಾಳಿಗೆ ಕಳುಹಿಸಲು ಎಷ್ಟು ಜನ ಬೇಕು ಎಂದು ತೋರಿಸಲಿಕ್ಕೆ ಅವರನ್ನೆಲ್ಲ ವಿಮಾನದ ಮುಂದೆ ಸಾಲುಸಾಲಾಗಿ ನಿಲ್ಲಿಸಲಾಗಿದೆ. ಹಾರುವವರು ಏಳೇ ಮಂದಿ. ಉಳಿದವರು ಪ್ಯಾರಾಚೂಟ್ ಮಡಚುವ ಮಹಿಳೆ, ಹವಾಮಾನ ಹೇಳುವ ಅಧಿಕಾರಿ, ಮೆಕ್ಯಾನಿಕ್‌ಗಳು, ಬಾಂಬ್ ತುಂಬಿಸುವವರು, ಟ್ರ್ಯಾಕ್ಟರ್ ಓಡಿಸುವವರು. ಯುದ್ಧವೆಂದರೆ ವೀರನೊಬ್ಬನ ಸಾಹಸವಲ್ಲ, ಅದೊಂದು ಕಾರ್ಖಾನೆ ಎಂಬುದನ್ನು ಈ ಚಿತ್ರ ತನಗರಿವಿಲ್ಲದೆಯೇ ಹೇಳಿಬಿಡುತ್ತದೆ. ತಮ್ಮ ಪಾಲಿನ ಸಣ್ಣ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವ ಒಳ್ಳೆಯ ಜನರೇ ಅದರಲ್ಲಿ ತುಂಬಿದ್ದಾರೆ.

ಆದರೆ ವಾಯುನೆಲೆಯಲ್ಲಿ ಇನ್ನೊಂದು ಕ್ಯಾಮೆರಾ ಕೂಡ ಇತ್ತು. ಅದು ವಿಮಾನದ ಹೊಟ್ಟೆಯಲ್ಲಿತ್ತು. ಬಾಂಬುಗಳ ಜೊತೆಗೇ ಕಣ್ಣು ಕೋರೈಸುವ ಬೆಳಕು ಚೆಲ್ಲುವ ಸಿಡಿಗುಂಡೊಂದನ್ನು ಕೆಳಗೆ ಬಿಡಲಾಗುತ್ತಿತ್ತು. ಅದು ಸಿಡಿದಾಗ ಕೆಳಗಿನ ನೆಲ ತಂತಾನೆ ಫಿಲ್ಮಿನಲ್ಲಿ ಮೂಡುತ್ತಿತ್ತು. ಅಲ್ಲಿಯವರೆಗೂ ಪೈಲಟ್ ಗುಂಡುಗಳ ನಡುವೆ ಅತ್ತಿತ್ತ ವಾಲದೆ ನೇರವಾಗಿ ಹಾರಬೇಕಿತ್ತು.

ಈ ಎರಡನೇ ಕ್ಯಾಮೆರಾದ ಚಿತ್ರಗಳೇ ಯುದ್ಧದ ದಿಕ್ಕನ್ನು ಬದಲಿಸಿದವು. 1941ರ ಬೇಸಿಗೆಯಲ್ಲಿ ಬಟ್ ಎಂಬ ಅಧಿಕಾರಿ ಇಂಥ 633 ಚಿತ್ರಗಳನ್ನು ಪರಿಶೀಲಿಸಿ ವರದಿ ಕೊಟ್ಟ. ಗುರಿಗೆ ಬಾಂಬ್ ಹಾಕಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿ ವ್ಯಾಪ್ತಿಯೊಳಗೆ ತಲುಪಿತ್ತು! ಕತ್ತಲಲ್ಲಿ ಕಾರ್ಖಾನೆಗೆ ಗುರಿಯಿಡುವುದು ಆಗದ ಮಾತು ಎಂಬುದು ಸ್ಪಷ್ಟವಾಯಿತು. ಆಗ ಹೊಳೆಯಬೇಕಿದ್ದ ವಿವೇಕ ಹೊಳೆಯಲಿಲ್ಲ. ಕಾರ್ಖಾನೆಗೆ ಗುರಿ ತಾಗದಿದ್ದರೆ ಇಡೀ ನಗರವನ್ನೇ ಗುರಿಯಾಗಿಸೋಣ ಎಂಬ ನಿರ್ಧಾರ ಬಂತು. 1942ರ ಫೆಬ್ರವರಿಯ ಆದೇಶದಲ್ಲಿ ಶತ್ರುದೇಶದ ನಾಗರಿಕರ, ಅದರಲ್ಲೂ ಕಾರ್ಮಿಕರ, ಮನೋಸ್ಥೈರ್ಯವನ್ನೇ ಗುರಿಯೆಂದು ಹೆಸರಿಸಲಾಯಿತು. ಅದೇ ತಿಂಗಳು ಆರ್ಥರ್ ಹ್ಯಾರಿಸ್ ಬಾಂಬರ್ ಕಮಾಂಡ್‌ನ ಮುಖ್ಯಸ್ಥನಾದ. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರ ಬೆಂಕಿಯ ಬಿರುಗಾಳಿಗೆ ಸಿಕ್ಕಿ ಮೂವತ್ತೈದು ಸಾವಿರದ ಆಸುಪಾಸು ಜನ ಸತ್ತರು.

ನಗರಗಳ ಮೇಲೆ ಬಾಂಬ್ ಸುರಿಯುವುದನ್ನು ನಾಜಿಗಳು ಮೊದಲೇ ಮಾಡಿದ್ದರು. ವಾರ್ಸಾ, ರಾಟರ್‌ಡ್ಯಾಂ, ಲಂಡನ್, ಕೊವೆಂಟ್ರಿ ಅದಕ್ಕೆ ಸಾಕ್ಷಿ. ಬ್ರಿಟನ್ನಿನಲ್ಲೇ ನಲವತ್ತು ಸಾವಿರಕ್ಕೂ ಹೆಚ್ಚು ನಾಗರಿಕರು ಬಲಿಯಾಗಿದ್ದರು. ಹಿಟ್ಲರನ ಸೋಲು ಮನುಕುಲಕ್ಕೆ ಅಗತ್ಯವಾಗಿತ್ತು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಗಿಬ್ಸನ್‌ನ ಆ ರಾತ್ರಿಗೇ ಮರಳಿ ಬನ್ನಿ. ಮರುದಿನ ವಿಚಕ್ಷಣಾ ವಿಮಾನವೊಂದು ತೆಗೆದ ಚಿತ್ರದಲ್ಲಿ ಒಡೆದ ಮೋಹ್ನೆ ಅಣೆಕಟ್ಟು, ಅದರ ಬಿರುಕಿನಿಂದ ಧುಮ್ಮಿಕ್ಕುವ ನೀರು ಕಾಣುತ್ತದೆ. ಮನುಷ್ಯರು ಕಾಣುವುದಿಲ್ಲ. ಆ ನೀರಿನಲ್ಲಿ ಸುಮಾರು 1,300 ಮಂದಿ ಕೊಚ್ಚಿಹೋದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಜರ್ಮನರೇ ಅಲ್ಲ, ಹಿಟ್ಲರನ ಸೇನೆ ಸೆರೆಹಿಡಿದು ತಂದಿದ್ದ ವಿದೇಶಿಯರು. ನೇಹೈಮ್ ಎಂಬಲ್ಲಿನ ಶಿಬಿರದಲ್ಲಿ ಬಲವಂತದ ಕೂಲಿಗೆ ತಳ್ಳಲ್ಪಟ್ಟ ಸೋವಿಯತ್ ನಾಡಿನ ಹೆಣ್ಣುಮಕ್ಕಳು ನೂರಾರು ಸಂಖ್ಯೆಯಲ್ಲಿ ಸತ್ತರು. ಯಾರನ್ನು ಬಿಡುಗಡೆಗೊಳಿಸಲು ಯುದ್ಧ ನಡೆಯಿತೋ ಅವರೇ!

ಆ ದಾಳಿ ಮುಗಿಸಿ ಬಂದ ತಂಡ ವರದಿ ಒಪ್ಪಿಸುವ ಚಿತ್ರವೊಂದಿದೆ. ದಣಿದ ಯುವಕರು ಮೇಜಿನ ಸುತ್ತ ಕೂತಿದ್ದಾರೆ, ಹಿಂದೆ ಹ್ಯಾರಿಸ್ ನಿಂತಿದ್ದಾನೆ. ಈ ಹ್ಯಾರಿಸ್ ವಾಯುದಾಳಿಯ ಪಾಠವನ್ನು ಕಲಿತದ್ದು ಜರ್ಮನಿಯಲ್ಲಲ್ಲ. 1922ರಿಂದ ಇರಾಕಿನಲ್ಲಿ 45ನೇ ಸ್ಕ್ವಾಡ್ರನ್ನಿನ ನಾಯಕನಾಗಿದ್ದವನು ಆತ. ಬ್ರಿಟಿಷ್ ಆಳ್ವಿಕೆಗೆ ತಲೆಬಾಗದ ಅರಬರ, ಕುರ್ದರ ಹಳ್ಳಿಗಳ ಮೇಲೆ ವಿಮಾನದಿಂದ ಬಾಂಬ್ ಹಾಕಿ ದಾರಿಗೆ ತರುವುದು ಆಗಿನ ಪದ್ಧತಿ. ನೆಲದ ಸೇನೆಗಿಂತ ಅದು ಅಗ್ಗ ಎಂಬುದು ಅದರ ಸಮರ್ಥನೆ. ಆ ಹಳ್ಳಿಗಳ ಗಂಡಸರು, ಹೆಂಗಸರು, ಮಕ್ಕಳ ಮುಖಗಳು ಯಾವ ಆಲ್ಬಮ್‌ನಲ್ಲಿವೆ?

ಇದು ದೂರದ ಕತೆ ಎಂದು ನಾವು ಸುಮ್ಮನಿರುವಂತೆಯೂ ಇಲ್ಲ. ಇರಾಕಿನಲ್ಲಿ ಆಗ ಬಳಕೆಯಾದ ವಿಮಾನಗಳಲ್ಲಿ ಡಿಎಚ್-9ಎ ಮುಖ್ಯವಾದುದು. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಇದೇ ಮಾದರಿಯ ಬಾಂಬರ್‌ಗಳನ್ನು ಬ್ರಿಟಿಷರ 110ನೇ ಸ್ಕ್ವಾಡ್ರನ್‌ಗೆ ಕೊಡುಗೆಯಾಗಿ ಕೊಟ್ಟವರು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಸ್ಕ್ವಾಡ್ರನ್ನಿನ ಹೆಸರಿಗೇ ಹೈದರಾಬಾದ್ ಸೇರಿಕೊಂಡಿತು. ಬೀದರ್, ಕಲಬುರಗಿ, ರಾಯಚೂರುಗಳು ಆಗ ನಿಜಾಮರ ರಾಜ್ಯದಲ್ಲಿದ್ದವು. ಆ ಖಜಾನೆಯನ್ನು ತುಂಬಿದವರಲ್ಲಿ ಕನ್ನಡದ ರೈತರೂ ಇದ್ದರು. 1939ರ ಸೆಪ್ಟೆಂಬರ್ 4ರಂದು ಬ್ರಿಟನ್ ನಡೆಸಿದ ಮೊದಲ ಬಾಂಬ್ ದಾಳಿಯಲ್ಲಿ ಇದೇ ಹೈದರಾಬಾದ್ ಸ್ಕ್ವಾಡ್ರನ್ನಿನ ಐದು ವಿಮಾನಗಳಿದ್ದವು. ಜರ್ಮನಿಯ ಯುದ್ಧನೌಕೆಗಳ ಮೇಲೆ ಎರಗಿದ ಅವುಗಳಲ್ಲಿ ಒಂದು ಮರಳಲಿಲ್ಲ. 1918ರ ಕೊಡುಗೆಯ ಒಂದು ವಿಮಾನ ಇಂದಿಗೂ ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ. 137 ದಾಳಿಗಳ ಗುರುತನ್ನು ಮೂತಿಯ ಮೇಲೆ ಹೊತ್ತ ಲ್ಯಾಂಕಾಸ್ಟರ್ ಒಂದು ಕೂಡ ಅದೇ ಸಂಗ್ರಹದಲ್ಲಿದೆ.

ಹಾಗಾದರೆ ಸ್ಕ್ಯಾಂಪ್ಟನ್‌ನ ಆ ಯುವಕರನ್ನು ದ್ವೇಷಿಸಬೇಕೇ? ಬೇಡ. ಗುರಿಯನ್ನು ಆರಿಸಿದವರು ಅವರಲ್ಲ, ಅವರಲ್ಲಿ ಅರ್ಧದಷ್ಟು ಮಂದಿ ತಮ್ಮ ಪ್ರಾಣವನ್ನೇ ಬೆಲೆಯಾಗಿ ತೆತ್ತಿದ್ದಾರೆ. ಆದರೆ ಅವರ ಮುಖಗಳನ್ನು ಮಾತ್ರ ನೋಡಿ ಪುಸ್ತಕ ಮುಚ್ಚುವುದು ಅರ್ಧ ಸತ್ಯವನ್ನಷ್ಟೇ ಓದಿದಂತೆ. ಲಿಂಕನ್ ನಗರದಲ್ಲಿ 2018ರಲ್ಲಿ ತೆರೆದ ಬಾಂಬರ್ ಕಮಾಂಡ್ ಸ್ಮಾರಕ ಕೇಂದ್ರ ಇದನ್ನು ಅರ್ಥಮಾಡಿಕೊಂಡಂತಿದೆ. ಸತ್ತ ಯೋಧರ ಹೆಸರುಗಳ ಜೊತೆಗೆ, ಬಾಂಬಿನಡಿಯಲ್ಲಿ ಬದುಕುಳಿದ ನಾಗರಿಕರ ನೆನಪುಗಳನ್ನೂ ಅದು ಸಂಗ್ರಹಿಸುತ್ತಿದೆ.

ಇಂದಿನ ಯುದ್ಧಗಳಲ್ಲಿಯೂ ನಮ್ಮ ಟಿವಿ ಪರದೆಗೆ ಬರುವುದು ಮೇಲಿನಿಂದ ತೆಗೆದ ಚಿತ್ರವೇ. ಒಂದು ಕಟ್ಟಡ, ಒಂದು ಹೊಗೆಯ ಮೋಡ, ಅಷ್ಟೆ. ಆ ಹೊಗೆಯ ಕೆಳಗೂ ಯಾರದೋ ಮನೆಯ ಗ್ರೂಪ್ ಫೋಟೋ ಇತ್ತೆಂಬುದನ್ನು ಮರೆಯದಿರುವುದು ನೋಡುವ ನಮ್ಮ ಹೊಣೆ.