ಟೌನ್ ಹಾಲ್ ಮೆಟ್ಟಿಲಿನ ಚರಿತ್ರೆ



ನಿನ್ನೆ ಫೇಸ್‌ಬುಕ್ ಒಂದು ಹಳೇ ಫೋಟೋ ನೆನಪಿಸಿತು. 2016ರ ಜನವರಿ, ರೋಹಿತ್ ವೇಮುಲ ತೀರಿಕೊಂಡಿದ್ದ ದಿನಗಳು. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಜನರಲ್ ಬೋಗಿಯಲ್ಲಿ ರಾತ್ರಿಯೆಲ್ಲ ನಿಂತುಕೊಂಡೇ ಬೆಂಗಳೂರಿಗೆ ಹೋಗಿ, ಟೌನ್ ಹಾಲ್ ಮೆಟ್ಟಿಲ ಮೇಲೆ ನೀಲಿ ಬಾವುಟ ಹಿಡಿದು ಕೂತಿದ್ವಿ. ಫೋಟೋ ನೋಡಿ ನಮ್ಮ ಪಾಪಿನಾಯಕನಹಳ್ಳಿ ಹುಡುಗನೊಬ್ಬ ಕೇಳಿದ: "ಅಣ್ಣಾ, ಅಷ್ಟು ದೊಡ್ಡ ಕಟ್ಟಡ, ಒಳಗೇನೈತಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಎಷ್ಟೋ ಸಲ ಅಲ್ಲಿಗೆ ಹೋಗಿದೀನಿ, ಒಂದು ಸಲವೂ ಬಾಗಿಲು ದಾಟಿಲ್ಲ. ಆಮೇಲೆ ಓದಿ ತಿಳಕೊಂಡಿದ್ದನ್ನ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಅದರ ಹೆಸರು ಸರ್ ಪುಟ್ಟಣ್ಣ ಚೆಟ್ಟಿ ಪುರಭವನ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. 1935ರಲ್ಲಿ ಉದ್ಘಾಟನೆ ಆಯಿತು. ಪುಟ್ಟಣ್ಣ ಚೆಟ್ಟಿಯವರು ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದವರು, ಕಟ್ಟಡಕ್ಕೆ ದಾನ ಕೊಟ್ಟವರು. ಹೊರಗೆ ಸಾಲುಗಂಬ, ಅಗಲವಾದ ಮೆಟ್ಟಿಲು. ಒಳಗೆ ರಂಗಮಂಚ, ನೂರಾರು ಜನ ಕೂರುವ ಜಾಗ. ನಾಟಕ, ಸಂಗೀತ ಕಚೇರಿ, ಸಮ್ಮೇಳನ ಎಲ್ಲ ಅಲ್ಲೇ. ಅಡಿಗಲ್ಲು ಹಾಕಿದವರ ಹೆಸರು ಚರಿತ್ರೆಯಲ್ಲಿದೆ. ಕಲ್ಲು ಹೊತ್ತವರ ಹೆಸರು ಹುಡುಕಿದರೂ ಸಿಗಲ್ಲ.

ಅದೇ 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಬಾಬಾಸಾಹೇಬರು ತಾನು ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದರು. ಇಂಥ ಕಟ್ಟಡದೊಳಗೆ ಹೋಗೋದು ನಮ್ಮ ಹಕ್ಕು ಅಂತ ಹೇಳುವ ಸಂವಿಧಾನ ಬರೋದಕ್ಕೆ ಇನ್ನೂ 15 ವರ್ಷ ಬೇಕಿತ್ತು.

ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆ, ರಸ್ತೆ, ಅಂಗಡಿ, ಹೋಟೆಲಿನ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳ ಅಂತಾನೂ ಬರೆದಿದೆ. ನೀರಿನ ಜೊತೆ ನಾಟಕವನ್ನೂ ಯಾಕೆ ಸೇರಿಸಿದರು? ಕುಡಿಯೋ ನೀರು ಬಿಡದ ಜಾತಿ ನಾಟಕ ನೋಡೋ ಜಾಗದಲ್ಲೂ ಪಕ್ಕಕ್ಕೆ ಕೂರಿಸಿಕೊಳ್ಳಲ್ಲ ಅಂತ ಬರೆದವರಿಗೆ ಗೊತ್ತಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೀಗೆ ತಡೆಯೋದಕ್ಕೆ ಶಿಕ್ಷೆ ಇಟ್ಟಿತು.

ಕಾನೂನು ಬಾಗಿಲು ತೆರೆಸಿತು, ನಿಜ. ಆದರೆ ಸಭಾಂಗಣಕ್ಕೆ ಬಾಡಿಗೆ ಕಟ್ಟಬೇಕು. ಮನೆಮನೆ ತಿರುಗಿ ಚಂದಾ ಎತ್ತಿ ರೈಲು ಹತ್ತುವ ನಮ್ಮಂಥ ಸಂಘಟನೆಗಳಿಗೆ ಅದು ಎಟುಕಲ್ಲ. ನಮಗೆ ಸಿಕ್ಕಿದ್ದು ಮೆಟ್ಟಿಲು. ಬಾಡಿಗೆ ಇಲ್ಲ. ಎದುರಿಗೇ ರಸ್ತೆ, ಹತ್ತಿರದಲ್ಲೇ ಕಾರ್ಪೊರೇಷನ್ ಕಚೇರಿ. ಬಸ್ಸಿನಲ್ಲಿ ಹೋಗೋರು ತಿರುಗಿ ನೋಡ್ತಿದ್ರು, ಕೆಲವರು ಇಳಿದು ಬಂದು ಯಾಕೆ ಕೂತಿದೀರಿ ಅಂತ ಕೇಳ್ತಿದ್ರು.

ಆ ಮೆಟ್ಟಿಲಿಗೂ ಒಂದು ಚರಿತ್ರೆ ಇದೆ. 2017ರ ಜೂನ್ 28ರಂದು ಗುಂಪುಹತ್ಯೆಗಳ ವಿರುದ್ಧ ಅಲ್ಲಿ ಜನ ಸೇರಿದರು. ಅದೇ ಸೆಪ್ಟೆಂಬರ್‌ನಲ್ಲಿ ಗೌರಿ ಲಂಕೇಶ್ ಕೊಲೆಯಾದಾಗ ಸಿಟ್ಟು, ಅಳು ಎರಡನ್ನೂ ಹೊತ್ತುಕೊಂಡು ಅಲ್ಲಿಗೇ ಬಂದರು. 2019ರ ಡಿಸೆಂಬರ್ 19ರಂದು ಇತಿಹಾಸಕಾರ ರಾಮಚಂದ್ರ ಗುಹಾ ಪತ್ರಕರ್ತರ ಜೊತೆ ಮಾತಾಡ್ತಿದ್ದಾಗಲೇ ಪೊಲೀಸರು ಅವರನ್ನ ಅಲ್ಲಿಂದ ಎಳೆದೊಯ್ದರು.

ಆಮೇಲೆ 2021ರ ಆದೇಶ ಬಂತು. ಬೆಂಗಳೂರಲ್ಲಿ ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲೇ. ಟ್ರಾಫಿಕ್ ನಿಲ್ಲುತ್ತೆ, ಆಂಬ್ಯುಲೆನ್ಸಿಗೆ ದಾರಿ ಸಿಗಲ್ಲ ಅನ್ನೋದು ಕಾರಣ. ಅದು ಸುಳ್ಳಲ್ಲ, ಒಪ್ಪೋಣ. ಆದರೆ ಫ್ರೀಡಂ ಪಾರ್ಕ್ ಅಂದ್ರೆ ಏನು? ಹಳೇ ಸೆಂಟ್ರಲ್ ಜೈಲು. ನಾಟಕ ಮತ್ತು 'ಸಂಸ್ಕಾರ' ಸಿನಿಮಾದ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನ ತುರ್ತುಪರಿಸ್ಥಿತಿಯಲ್ಲಿ ಇಟ್ಟಿದ್ದ ಜೈಲು. 1977ರ ಜನವರಿಯಲ್ಲಿ ಹೊರಗೆ ಬಂದ ಕೆಲವೇ ದಿನಕ್ಕೆ ಅವರು ತೀರಿಕೊಂಡರು. ರಂಗಮಂದಿರದ ಮೆಟ್ಟಿಲಿಂದ ನಮ್ಮನ್ನ ಎಬ್ಬಿಸಿ ಜೈಲಿನ ಕಾಂಪೌಂಡಿನಲ್ಲಿ ಕೂರಿಸಿದರು ಅಂತ ನನಗೆ ಅನಿಸುತ್ತೆ. ಅಲ್ಲಿ ನಮ್ಮ ಮಾತು ಕೇಳೋರು ನಾವು ಮತ್ತು ಪೊಲೀಸರು.

ಹಾಗಂತ ನಾವೇನೂ ಕಡಿಮೆ ಆಗಿಲ್ಲ. ರಾಯಚೂರು ಕೋರ್ಟಿನಲ್ಲಿ ಬಾಬಾಸಾಹೇಬರ ಫೋಟೋ ತೆಗೆಸಿದ ಆರೋಪ ಬಂದಾಗ, 2022ರ ಫೆಬ್ರವರಿ 19ರಂದು ಬೆಂಗಳೂರಿನ ರೈಲ್ವೆ ಸ್ಟೇಷನ್ನಿನಿಂದ ಹೊರಟ ಜನಸಾಗರವನ್ನ ಇಡೀ ನಗರ ನೋಡಿತು. ಆದರೆ ಅಷ್ಟು ಜನ ದಿನಾ ಸೇರೋಕಾಗಲ್ಲ. ಒಬ್ಬ ಪೌರಕಾರ್ಮಿಕನ ಸಂಬಳ ಬಾಕಿ, ಒಂದು ಹಳ್ಳಿಯ ಬಹಿಷ್ಕಾರ, ಇಂಥದ್ದಕ್ಕೆ ಇಪ್ಪತ್ತೇ ಜನ ಬರೋದು. ಆ ಇಪ್ಪತ್ತು ಜನರನ್ನ ಊರು ನೋಡ್ತಿದ್ದಿದ್ದು ಮೆಟ್ಟಿಲ ಮೇಲೆ.

ತಮ್ಮಾ, ನೀ ಕೇಳಿದ್ದಕ್ಕೆ ಉತ್ತರ ಇದು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಟಿಕೆಟ್ ತಗೊಂಡು ಒಳಗೆ ಹೋಗಿ ಒಂದು ನಾಟಕ ನೋಡೋಣ. ಮುಂದಿನ ಸಾಲಲ್ಲೇ ಕೂರೋಣ.

ಉಳಿದವರಿಗೆ ಒಂದು ವಿನಂತಿ: ಆ ಮೆಟ್ಟಿಲ ಮೇಲಿನ ಹಳೇ ಫೋಟೋ, ಕರಪತ್ರ ನಿಮ್ಮ ಹತ್ರ ಇದ್ದರೆ ಕಾಮೆಂಟಿನಲ್ಲಿ ಹಾಕಿ. ತಾರೀಕು, ಯಾಕೆ ಕೂತಿದ್ವಿ ಅನ್ನೋದನ್ನೂ ಬರೆಯಿರಿ. ನಮ್ಮ ಚರಿತ್ರೆ ನಾವು ಬರೆದಿಡದಿದ್ರೆ ಬೇರೆ ಯಾರೂ ಬರೆಯಲ್ಲ.

ಜೈಭೀಮ್.